ಎಡಗಡೆ ಪಿನ್ನಿಗೆ ಹಿಡಿದ ಹಸಿರು

ಆರು ವರ್ಷದಿಂದ ನಮ್ಮ ಮನೆಯಲ್ಲಿ ಕೊಳಲು ಬಲಗಡೆಯಿಂದ ಮಾತ್ರ ಕೇಳುತ್ತಿತ್ತು.

ಎಡಗಡೆಯ ಸ್ಪೀಕರ್ ಇರಲಿಲ್ಲ ಅಂತಲ್ಲ. ಇತ್ತು. ಅದರ ತಲೆಯ ಮೇಲೆ ನನ್ನ ಹೆಂಡತಿ ವಿಮಲಾ ಮನಿ ಪ್ಲಾಂಟಿನ ಬಾಟಲಿ ಇಟ್ಟಿದ್ದಳು. ಬಳ್ಳಿ ಇಳಿದು ಸ್ಪೀಕರಿನ ಜಾಲರಿಯನ್ನೆಲ್ಲ ಮುಚ್ಚಿತ್ತು. ಮನೆಗೆ ಬಂದವರು ಅದನ್ನು ಹೂಕುಂಡದ ಸ್ಟ್ಯಾಂಡ್ ಅಂದುಕೊಳ್ಳುತ್ತಿದ್ದರು.

ರಿಪೇರಿ ಮಾಡಿಸಬಾರದಿತ್ತೇ ಅಂತ ನೀವು ಕೇಳುತ್ತೀರಿ. ವಿಮಲಾ ಕೂಡ ಕೇಳುತ್ತಿದ್ದಳು, ಪ್ರತಿ ವರ್ಷ ಹಬ್ಬಕ್ಕೆ ಧೂಳು ಹೊಡೆಯುವಾಗ. ನಾನು ಪ್ರತಿ ವರ್ಷ "ನೋಡೋಣ" ಅನ್ನುತ್ತಿದ್ದೆ.

ಹೋದ ತಿಂಗಳು ಮನೆಗೆ ಬಣ್ಣ ಹೊಡೆಸಿದೆವು. ಹಾಲ್ ಖಾಲಿ ಮಾಡುವಾಗ ಆಂಪ್ಲಿಫೈಯರ್, ಸಿಡಿ ಪ್ಲೇಯರ್, ಎರಡು ಸ್ಪೀಕರು, ಗಂಟು ಬಿದ್ದ ವೈರುಗಳು, ಎಲ್ಲವೂ ಜಗಲಿಗೆ ಬಂದವು. ವಿಮಲಾ ಎರಡೇ ದಾರಿ ಕೊಟ್ಟಳು. ಒಂದೋ ರಿಪೇರಿ, ಇಲ್ಲ ಗುಜರಿ. ನಾನು ಎಂದಿನಂತೆ ನೋಡೋಣ ಅಂದೆ. ಆಗ ಅವಳು ದನಿ ಏರಿಸದೆ ಒಂದು ಮಾತು ಹೇಳಿದಳು.

"ರಿಪೇರಿ ಆಗ್ಬಿಟ್ರೆ ಮಲ್ಲೇಶಣ್ಣನ ಮೇಲೆ ಹೇಳೋಕೆ ಏನೂ ಉಳಿಯಲ್ಲ ಅಂತ ತಾನೇ ಇಷ್ಟು ವರ್ಷ ಇಟ್ಕೊಂಡಿರೋದು?"

ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ಹೆಂಡತಿಯರಿಗೆ ಎಕ್ಸ್‌ರೇ ಕಣ್ಣು ಬರುತ್ತದೆ. (ನಾನು ಕಣ್ಣಿನ ವ್ಯಾಪಾರದವನು. ನನಗಿನ್ನೂ ಬಂದಿಲ್ಲ.)

ಅವಳು ಹೇಳಿದ್ದು ನಿಜ. ಆ ಕೆಟ್ಟ ಎಡಗಡೆ ನನ್ನ ಸಾಕ್ಷಿಯಾಗಿತ್ತು. ಸಾಕ್ಷಿಯನ್ನು ಯಾರಾದರೂ ರಿಪೇರಿ ಮಾಡಿಸುತ್ತಾರೆಯೇ?

ಮಲ್ಲೇಶ ಯಾರು ಅಂತ ಹೇಳುತ್ತೇನೆ.

ಅರಸೀಕೆರೆಯಲ್ಲಿ ನನ್ನದು ಕನ್ನಡಕದ ಅಂಗಡಿ ಅಂತ ಈ ಅಂಕಣ ಓದುವವರಿಗೆ ಗೊತ್ತು. ಮಲ್ಲೇಶ ಹಳೇಬೀಡಿನವನು. ತೆಂಗಿನ ತೋಟ, ಕೊಬ್ಬರಿ ವ್ಯಾಪಾರ. ಹದಿನೈದು ವರ್ಷದ ಹಿಂದೆ ತಲೆನೋವು ಅಂತ ಕಣ್ಣು ತೋರಿಸಲು ಬಂದಿದ್ದ. ಅಂಗಡಿಯಲ್ಲಿ ಮೆಲ್ಲಗೆ ಕೊಳಲು ಹಾಕಿಟ್ಟಿದ್ದೆ. ಬೋರ್ಡಿನ ಕೊನೆಯ ಸಾಲು ಓದಿ ಅಂದರೆ ಆಸಾಮಿ ಕಣ್ಣು ಮುಚ್ಚಿ ಕೂತಿದ್ದಾನೆ. ಕೇಳಿದರೆ, ಇದೊಂದು ಮುಗಿಯಲಿ, ಆಮೇಲೆ ಓದುತ್ತೇನೆ ಅಂದ.

ಸ್ನೇಹ ಶುರುವಾಗಲು ಇನ್ನೇನು ಬೇಕು? ಕೊಬ್ಬರಿ ಮಾರ್ಕೆಟ್ಟಿಗೆ ಬಂದ ದಿನವೆಲ್ಲ ಅವನ ಊಟ ನಮ್ಮ ಮನೆಯಲ್ಲಿ. ಊಟ ಆದ ಮೇಲೆ ಎರಡು ಸ್ಪೀಕರಿನ ನಡುವೆ ಚಾಪೆ ಹಾಸಿಕೊಂಡು ಇಬ್ಬರೂ ಅಂಗಾತ ಮಲಗುತ್ತಿದ್ದೆವು. ಮಾತಿಲ್ಲ ಕತೆಯಿಲ್ಲ. ಒಂದು ಸಿಡಿ ಮುಗಿದರೆ ಅವನು ಎದ್ದು ಪಂಚೆ ಸರಿಮಾಡಿಕೊಂಡು ಬಸ್ಸಿಗೆ ಹೊರಡುತ್ತಿದ್ದ.

ಅವನ ಹೆಂಡತಿ ಗಿರಿಜಮ್ಮ. ವಚನ ಹಾಡುತ್ತಾರೆ, ಊರಿನ ಏಳೆಂಟು ಹೆಂಗಸರನ್ನು ಸೇರಿಸಿಕೊಂಡು. ಹಾಡಿನಷ್ಟೇ ಪ್ರೀತಿ ಅವರಿಗೆ ಯಂತ್ರಗಳ ಮೇಲೆ. ಆ ಮನೆಯಲ್ಲಿ ಸ್ಕ್ರೂಡ್ರೈವರ್ ಇರುತ್ತಿದ್ದದ್ದು ಸಾರಿನ ಪುಡಿ ಡಬ್ಬದ ಪಕ್ಕದಲ್ಲಿ. ಫ್ಯೂಸ್ ಹೋದರೆ ಅವರೇ. ಮಿಕ್ಸಿ ನಿಂತರೆ ಅವರೇ. ಮಲ್ಲೇಶನಿಗೆ ಬಲ್ಬ್ ಹಾಕಲೂ ಬರುವುದಿಲ್ಲ. ಅದನ್ನು ಅವನೇ ನಗುತ್ತಾ ಹೇಳಿಕೊಳ್ಳುತ್ತಿದ್ದ.

ಆರು ವರ್ಷದ ಹಿಂದೆ, ಮಳೆಗಾಲದಲ್ಲಿ, ಅವರ ಹೊಸ ಮನೆಯ ಗೃಹಪ್ರವೇಶ. ಹೆಂಗಸರ ತಂಡ ವಚನ ಹಾಡುವುದಿತ್ತು. ಮೈಕ್ ಹಾಕಲು ನಮ್ಮ ಆಂಪ್ಲಿಫೈಯರನ್ನೂ ಎರಡು ಸ್ಪೀಕರನ್ನೂ ಕೇಳಿದರು. ಸಂತೋಷವಾಗಿ ಕೊಟ್ಟೆ. ಹಿಂದಿನ ಪಿನ್ನುಗಳನ್ನೆಲ್ಲ ನಾನೇ ಕಿತ್ತೆ. ಸಿಡಿ ಪ್ಲೇಯರು, ಅದರ ವೈರು ನಮ್ಮಲ್ಲೇ ಉಳಿದವು. ಎಲ್ಲಿಗೆ ಏನು ಹಾಕಬೇಕು ಅಂತ ಗಿರಿಜಮ್ಮ ಕೇಳಿದರು. ಕಣ್ಣಿನ ನಂಬರ್ ಬರೆಯುವ ಚೀಟಿಯ ಹಿಂದೆ ಚಿತ್ರ ಬರೆದುಕೊಟ್ಟೆ. ಅವರು ಒಂದೇ ಸಲ ನೋಡಿ, ಗೊತ್ತಾಯ್ತು ಅಣ್ಣ ಅಂದು ಮಡಚಿ ಇಟ್ಟುಕೊಂಡರು.

ಕಾರ್ಯಕ್ರಮ ಚೆನ್ನಾಗಿ ಆಯಿತು. ನಾನೇ ಹೋಗಿದ್ದೆನಲ್ಲ, ಎರಡೂ ಕಡೆ ಕೇಳಿಸಿತ್ತು. ಹದಿನೈದು ದಿನದ ಮೇಲೆ ಮಲ್ಲೇಶ ಎಲ್ಲವನ್ನೂ ಬೆಡ್‌ಶೀಟಿನಲ್ಲಿ ಸುತ್ತಿ ತಂದು ಕೊಟ್ಟ. ಜೊತೆಗೆ ತಾಂಬೂಲ, ಹತ್ತು ತೆಂಗಿನಕಾಯಿ.

ಅವನು ಹೋದ ಮೇಲೆ ಜೋಡಿಸಿದೆ. ಬಲಗಡೆ ಕೊಳಲು. ಎಡಗಡೆ ಕರಕರ. ಪಿನ್ನು ಅಲ್ಲಾಡಿಸಿದೆ. ಪೆಟ್ಟಿಗೆಯ ಮೇಲೆ ಎರಡು ಗುದ್ದಿದೆ. (ಹೌದು, ಗುದ್ದಿದೆ. ನೀವು ಗುದ್ದಿಲ್ಲವೇ?) ಕರಕರವೂ ನಿಂತುಹೋಯಿತು.

ತಕ್ಷಣ ಫೋನ್ ಮಾಡಿದೆ. "ಕೊಡುವಾಗ ಎರಡೂ ಕಡೆ ಹಾಡ್ತಿತ್ತು ಕಣಯ್ಯ. ನಿಮ್ಮನೇಲಿ ಯಾರು ಏನು ಮುಟ್ಟಿದ್ರೋ ವಿಚಾರಿಸು" ಅಂದೆ.

ಅವನು ಸರಿಮಾಡಿಸಿ ಕೊಡುತ್ತೇನೆ ಅಂದ. ನಾನು ಬೇಡ ಬಿಡು ಅಂದೆ. ಬೇಡ ಬಿಡು ಅನ್ನುವುದರಲ್ಲಿ ಹಲವು ಥರ ಇದೆಯಲ್ಲ, ನಾನು ಅಂದದ್ದು ಅದರಲ್ಲಿ ಅತಿ ಕೆಟ್ಟ ಥರದ್ದು.

ಮುಂದಿನ ಮಾರ್ಕೆಟ್ ದಿನ ಅವನು ಊಟಕ್ಕೆ ಬರಲಿಲ್ಲ. ಅದರ ಮುಂದಿನ ಸಲವೂ ಇಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲಿನಲ್ಲಿ ಊಟ ಮಾಡುತ್ತಾನೆ ಅಂತ ಯಾರೋ ಹೇಳಿದರು. ಮಾಡಲಿ ಅಂದುಕೊಂಡೆ. ತಪ್ಪು ಮಾಡಿದವನು ತಾನೇ ಬರಬೇಕಾದ್ದು? ನಾನೇಕೆ ಹೋಗಲಿ? ಹೀಗೆ ಆರು ವರ್ಷ.

ಕರ್ಮ ನೋಡಿ, ಪ್ರತಿ ತಿಂಗಳು ನಾನು ಅವನ ಊರಿನ ಮೇಲೇ ಹಾದುಹೋಗಬೇಕು. ಬಿಕ್ಕೋಡಿನಲ್ಲಿ ಕಾಫಿ ತೋಟದ ಕೆಲಸದವರಿಗೆ ತಿಂಗಳಿಗೊಮ್ಮೆ ಕಣ್ಣು ಪರೀಕ್ಷೆ ಮಾಡುತ್ತೇನೆ. ಅರಸೀಕೆರೆ ಬಿಟ್ಟರೆ ಜಾವಗಲ್, ಆಮೇಲೆ ಹಳೇಬೀಡು, ಬೇಲೂರು, ಅಲ್ಲಿಂದ ಬಿಕ್ಕೋಡು. ಹಳೇಬೀಡು ಬಂದಾಗ ಕಾರು ತಾನಾಗಿಯೇ ಸ್ವಲ್ಪ ಜೋರಾಗಿ ಓಡುತ್ತಿತ್ತು.

ಈ ಸಲ ಬಿಕ್ಕೋಡಿಗೆ ಹೋಗುವಾಗ ವಿಮಲಾ ಇಡೀ ಸಾಮಾನನ್ನು ಕಾರಿನ ಹಿಂದಿನ ಸೀಟಿಗೆ ತುಂಬಿಸಿದಳು. ಬೇಲೂರಿನಲ್ಲಿ ಅನ್ವರ್ ಅಂತ ಒಬ್ಬರಿದ್ದಾರೆ, ಹಳೇ ಸೆಟ್ಟುಗಳನ್ನು ರಿಪೇರಿ ಮಾಡುತ್ತಾರೆ. ಅರವತ್ತು ದಾಟಿದ ಮನುಷ್ಯ. ಬೆಳಿಗ್ಗೆ ಅವರ ಅಂಗಡಿಯಲ್ಲಿ ಸಾಮಾನು ಇಳಿಸುತ್ತಲೇ ಕತೆಯನ್ನೂ ಇಳಿಸಿದೆ. ಸ್ನೇಹಿತರಿಗೆ ಕೊಟ್ಟಿದ್ದೆ, ಏನೋ ತಪ್ಪಾಗಿ ಜೋಡಿಸಿ ಒಂದು ಕಡೆ ಸುಟ್ಟುಹಾಕಿದ್ದಾರೆ ಅಂದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ವಾಪಸ್ ಬರುವಾಗ ಬನ್ನಿ, ನಿಮ್ಮ ಎದುರಿಗೇ ನೋಡೋಣ ಅಂದರು.

ಮಧ್ಯಾಹ್ನ ಮೂರಕ್ಕೆ ಬಂದೆ. ಅವರು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳಲೇ ಇಲ್ಲ. ಮನೆಯಲ್ಲಿ ಹೇಗಿತ್ತೋ ಹಾಗೇ ಜೋಡಿಸಿ ಅಂದರು. ಜೋಡಿಸಿದೆ. ಬಲಗಡೆ ಹಾಡು, ಎಡಗಡೆ ಮೌನ. ಸೆಟ್ ಆಫ್ ಮಾಡಿ ಎರಡು ಸ್ಪೀಕರಿನ ವೈರನ್ನು ಅದಲು ಬದಲು ಮಾಡಿದರು. ಆರು ವರ್ಷ ಸುಮ್ಮನಿದ್ದ ಸ್ಪೀಕರ್ ಹಾಡಿತು. ಹಾಡುತ್ತಿದ್ದದ್ದು ಸುಮ್ಮನಾಯಿತು. ಅಂದರೆ ಸ್ಪೀಕರ್ ಎರಡೂ ಸರಿ.

ಮತ್ತೆ ಆಫ್ ಮಾಡಿದರು. ಸ್ಪೀಕರನ್ನು ಮೊದಲಿನಂತೆ ಹಾಕಿ, ಸಿಡಿ ಪ್ಲೇಯರಿನಿಂದ ಬರುವ ಬಿಳಿ ಪಿನ್ನು, ಕೆಂಪು ಪಿನ್ನು, ಅವೆರಡನ್ನು ಆಂಪ್ಲಿಫೈಯರಿನ ಹಿಂದೆ ಅದಲು ಬದಲು ಮಾಡಿದರು. ಈಗ ಎಡಗಡೆ ಹಾಡು, ಬಲಗಡೆ ಮೌನ.

ನನಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗುವುದು ಬೇಡವಾಗಿತ್ತು.

ಅನ್ವರ್ ತಮ್ಮ ಡ್ರಾಯರಿನಿಂದ ಇನ್ನೊಂದು ವೈರು ತೆಗೆದು ಹಾಕಿದರು. ಎರಡೂ ಕಡೆಯಿಂದ ಕೊಳಲು ಬಂತು. ಅಂಗಡಿ ತುಂಬಾ ಬಂತು. ಹೊರಗೆ ನಿಂತಿದ್ದ ಆಟೋದವನು ಒಳಗೆ ಬಗ್ಗಿ ನೋಡಿದ.

ಆಂಪ್ಲಿಫೈಯರಿಗೆ ಏನೂ ಆಗಿರಲಿಲ್ಲ. ಆರು ವರ್ಷದಿಂದಲೂ.

ಅವರು ನನ್ನ ವೈರಿನ ಬಿಳಿ ಪಿನ್ನನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಳಗಿನ ಕಡ್ಡಿಯ ಸುತ್ತ, ಹೊರಗಿನ ಬಳೆಯ ಅಂಚಿಗೆ, ತೆಳುವಾಗಿ ಹಸಿರು ಹಿಡಿದಿತ್ತು. ತಾಮ್ರದ ಚೊಂಬು ತೊಳೆಯದೆ ಬಿಟ್ಟರೆ ಹಿಡಿಯುತ್ತದಲ್ಲ, ಅದೇ ಕಿಲುಬು.

"ಇದು ಸುಟ್ಟಿಲ್ಲ ಸಾರ್, ಕೊಳೆಯಾಗೈತೆ. ಇದರಾಗೆ ಹೋಗೋದು ಹಾಡು, ಬಲು ಸಣ್ಣ ಕರೆಂಟು. ಇಷ್ಟು ಪೊರೆ ಸಾಕು ಅದನ್ನ ನಿಲ್ಸೋಕೆ."

(ಪೊರೆ. ನನ್ನ ಅಂಗಡಿಯಲ್ಲಿ ನಾನು ದಿನಕ್ಕೆ ಹತ್ತು ಸಲ ಹೇಳುವ ಪದ.)

ಎಲ್ಲಿ ಇತ್ತು ಈ ವೈರು ಅಂತ ಕೇಳಿದರು. ಗೋಡೆ ಮೂಲೆಯಲ್ಲಿ ಅಂದೆ. ಆ ಗೋಡೆಯ ಆಚೆ ಏನಿದೆ ಅಂದರು. ಬಚ್ಚಲು ಅಂದೆ. ಮಳೆಗಾಲದಲ್ಲಿ ಹದಿನೈದು ದಿನ ಆ ಪಿನ್ನು ಒದ್ದೆ ಮೂಲೆಯಲ್ಲಿ ನೆಲಕ್ಕೆ ಬಿದ್ದಿತ್ತು. ದಿನಾ ನೆಲ ಒರೆಸಿದ ನೀರೂ ತಾಗಿರಬೇಕು. ಕಿತ್ತವನು ನಾನು. ಬಿಸಾಕಿದವನು ನಾನು. ಒರೆಸದೆ ಮತ್ತೆ ಸಿಕ್ಕಿಸಿದವನೂ ನಾನೇ.

"ನಿಮ್ಮ ಸ್ನೇಹಿತರ ಮನೆಗೆ ಈ ವೈರೂ ಹೋಗಿತ್ತಾ ಸಾರ್?"

ಇಲ್ಲ ಅಂದೆ.

"ಹಂಗಾದ್ರೆ ಅವರು ಇದನ್ನ ಮುಟ್ಟೇ ಇಲ್ವಲ್ಲ" ಅಂದರು ಅನ್ವರ್. ಬೈಯುವ ದನಿಯಲ್ಲಲ್ಲ. ಲೆಕ್ಕ ತಪ್ಪಿದ ಹುಡುಗನಿಗೆ ಮೇಷ್ಟ್ರು ಹೇಳುವ ಹಾಗೆ.

ಆಮೇಲೆ ಅದನ್ನು ಹೇಗೆ ತೊಳೆಯುವುದು ಅಂತ ತೋರಿಸಿದರು. ನಿಮ್ಮ ಮನೆಯಲ್ಲೂ ಕರಕರ ಅನ್ನುವ ಸೆಟ್ ಇರಬಹುದು, ಕೇಳಿಸಿಕೊಳ್ಳಿ. ಮೊದಲು ಗೋಡೆಯ ಪ್ಲಗ್ಗನ್ನೇ ಕಿತ್ತು ಹತ್ತು ನಿಮಿಷ ಬಿಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಹತ್ತಿ ಸುತ್ತಿದ ಕಡ್ಡಿಗೆ ಸ್ವಲ್ಪವೇ ಸ್ಪಿರಿಟ್ ಹಾಕಿ ಪಿನ್ನಿನ ಕಡ್ಡಿಯನ್ನೂ ಬಳೆಯ ಒಳಗನ್ನೂ ಉಜ್ಜಬೇಕು. ಹತ್ತಿ ಕಪ್ಪಾಗುವುದು ನಿಲ್ಲುವ ತನಕ. ಹಟ ಮಾಡುವ ಹಸಿರಿಗೆ ಪೆನ್ಸಿಲ್ ಅಳಿಸುವ ರಬ್ಬರು. ರಬ್ಬರಿನ ಪುಡಿ ಒರೆಸಬೇಕು. ಉಪ್ಪುಕಾಗದ ಮಾತ್ರ ಬೇಡ, ಮೇಲಿನ ಲೇಪ ಹೋಗಿಬಿಡುತ್ತದೆ. ಪೂರ್ತಿ ಒಣಗಿದ ಮೇಲೆ ಪಿನ್ನನ್ನು ಅದರ ತೂತಿಗೆ ಹಾಕಿ ನಾಲ್ಕೈದು ಸಲ ಮೆಲ್ಲಗೆ ತಿರುಗಿಸಿದರೆ ಒಳಗಿನ ಕೊಳೆಯೂ ಬಿಡುತ್ತದೆ. ವರ್ಷಕ್ಕೊಮ್ಮೆ ಇಷ್ಟು ಮಾಡಿದರೆ ಸಾಕಂತೆ. ಕೊಬ್ಬರಿ ಎಣ್ಣೆ ಹಾಕಬಹುದೇ ಅಂತ ನಾನು ಕೇಳಿದೆ. (ಅರಸೀಕೆರೆಯವನು ಬೇರೇನು ಕೇಳುತ್ತಾನೆ?) ಅನ್ವರ್ ನನ್ನ ಮುಖ ನೋಡಿ, ಸ್ಪಿರಿಟ್ ಬಾಟಲಿಯನ್ನೇ ನನ್ನ ಕಡೆ ಸರಿಸಿದರು.

ಅವರು ಬಳಸಿದ ಸ್ಪಿರಿಟ್ ಬಾಟಲಿಯ ಲೇಬಲ್ ಓದಿದೆ. ನಮ್ಮ ಅಂಗಡಿಯಲ್ಲಿ ಕಣ್ಣು ಪರೀಕ್ಷೆಯ ಫ್ರೇಮ್ ಒರೆಸಲು ಇಟ್ಟಿರುವುದೇ ಅದು. ಆರು ವರ್ಷವೂ ಕೈಗೆ ಎಟುಕುವ ಕಪಾಟಿನಲ್ಲಿತ್ತು. ಗಿರಾಕಿಗಳಿಗೆ ನಾನು ಹೇಳುತ್ತಿರುತ್ತೇನೆ, ನಂಬರ್ ಬದಲಾಯಿಸುವ ಮೊದಲು ಗಾಜು ಒರೆಸಿ ನೋಡಿ ಅಂತ.

ಬಿಳಿ ಪಿನ್ನನ್ನು ಅವರು ತೊಳೆದರು. ಕೆಂಪನ್ನು ತೊಳೆಯಲಿಲ್ಲ. ಅದಕ್ಕೂ ಆಗಲೇ ಶುರುವಾಗೈತೆ, ನೀವೇ ಮಾಡಿ ಕಲೀರಿ ಅಂತ ಸಣ್ಣ ಶೀಶೆಯಲ್ಲಿ ಸ್ಪಿರಿಟ್ ಕೊಟ್ಟು ಕಳಿಸಿದರು.

ಬೇಲೂರಿನಿಂದ ಹಳೇಬೀಡಿಗೆ ಅರ್ಧ ಗಂಟೆಯ ದಾರಿ. ಅಷ್ಟರಲ್ಲಿ ನಾನು ಮೂರು ಸಲ ಮನಸ್ಸು ಬದಲಾಯಿಸಿದೆ. ಫೋನಿನಲ್ಲೇ ಹೇಳಿದರಾಯಿತು. ಮುಂದಿನ ತಿಂಗಳು ನಿಲ್ಲೋಣ. ಆರು ವರ್ಷದ ಹಳೇ ವಿಷಯ, ಅವರಿಗೆ ಮರೆತೇ ಹೋಗಿರಬಹುದು. ತಪ್ಪು ನಮ್ಮದು ಅಂತ ಗೊತ್ತಾದ ಕೂಡಲೇ ನಮಗೆ ಎಷ್ಟೊಂದು ಸಮಾಧಾನದ ಮಾತುಗಳು ಹೊಳೆಯುತ್ತವೆ ಅಲ್ಲವೇ?

ಕೊನೆಗೆ ಅವರ ಮನೆಯ ಮುಂದೆ ಕಾರು ನಿಲ್ಲಿಸಿದೆ.

ಬಾಗಿಲು ತೆಗೆದವರು ಗಿರಿಜಮ್ಮ. ನನ್ನನ್ನು ನೋಡಿ ಒಂದು ಕ್ಷಣ ಬಾಗಿಲು ಹಿಡಿದೇ ನಿಂತರು. "ಬನ್ನಿ ಸಾರ್, ಕೂತ್ಕಳಿ. ಅವ್ರು ತೋಟಕ್ಕೆ ಹೋಗವ್ರೆ, ಬತ್ತಾರೆ" ಅಂದರು. ಮೊದಲು ನನ್ನನ್ನು ಅಣ್ಣ ಅನ್ನುತ್ತಿದ್ದರು.

ಕೂತೆ. ನೀರು ಕೊಟ್ಟರು. ನೀರು ಕುಡಿಯುವ ಮೊದಲೇ ಹೇಳಿಬಿಟ್ಟೆ, ಆವತ್ತು ಆಂಪ್ಲಿಫೈಯರ್ ಹಾಳಾಗಿರಲಿಲ್ಲ, ತಪ್ಪು ನನ್ನದು ಅಂತ. ಅವರು ಒಳಗೆ ಹೋಗಿ ಒಲೆ ಆರಿಸಿ ಬಂದರು. ಇನ್ನೊಂದು ಸಲ ಹೇಳಿ ಅಂದರು. ಹೇಳಿದೆ.

"ಇದನ್ನ ನನಗಲ್ಲ ಸಾರ್ ಹೇಳ್ಬೇಕಾದ್ದು. ಅವ್ರು ಬರ್ಲಿ. ಅವ್ರ ಮುಂದೆ ಹೇಳಿ."

ಯಾಕೆ ಹಾಗಂದರು ಅಂತ ನನಗೆ ತಿಳಿಯಲಿಲ್ಲ. ಕಾಯುತ್ತಾ ಕೂತೆ. ಅಡಿಗೆಮನೆಯ ಹೊಸ್ತಿಲ ಹತ್ತಿರ ಮಿಕ್ಸಿಯನ್ನು ಚೀಲದಲ್ಲಿ ಹಾಕಿ ಇಟ್ಟಿದ್ದರು. ಏನಾಗಿದೆ ಅಂದೆ. ಮೂರು ದಿನದಿಂದ ಓಡುತ್ತಿಲ್ಲ, ಅವರು ಬೇಲೂರಿಗೆ ಹೋಗುವಾಗ ಒಯ್ಯಲಿ ಅಂತ ಇಟ್ಟಿದ್ದೇನೆ ಅಂದರು. ನೀವೇ ಬಿಚ್ಚುತ್ತಿದ್ದಿರಲ್ಲ ಅಂದೆ.

"ಆವತ್ತಿಂದ ಬಿಟ್ಬಿಟ್ಟೆ."

ಆಗ ತಿಳಿಯಿತು. ನಾನು ಫೋನ್ ಇಟ್ಟ ಮೇಲೆ ಮಲ್ಲೇಶ ಮನೆಯಲ್ಲಿ ವಿಚಾರಿಸಿದ್ದಾನೆ. ವಿಚಾರಿಸು ಅಂತ ಹೇಳಿದವನು ನಾನೇ ತಾನೆ? ಸೆಟ್ಟನ್ನು ಮುಟ್ಟಿದ್ದು ಇವರೊಬ್ಬರೇ. ಚೀಟಿಯಲ್ಲಿದ್ದಂತೆಯೇ ಹಾಕಿದ್ದೆ ಅಂತ ಇವರು ಹೇಳಿದ್ದಾರೆ. ಗೃಹಪ್ರವೇಶಕ್ಕೆ ಬಂದು ಇನ್ನೂ ಹೊರಟಿರದ ನೆಂಟರು ಹಾಲಿನಲ್ಲೇ ಇದ್ದರು. ಅವರೆಲ್ಲರ ಎದುರಿಗೆ ಅವನು, ಹೆಂಗಸರಿಗೆ ಯಾಕೆ ಬೇಕಿತ್ತು ವೈರಿನ ಸಹವಾಸ, ಹತ್ತು ವರ್ಷದ ಸ್ನೇಹಕ್ಕೆ ನೀನು ಬೆಂಕಿ ಇಟ್ಟೆ ಅಂದುಬಿಟ್ಟಿದ್ದಾನೆ. ಮರುದಿನವೇ ಇವರು ಸ್ಕ್ರೂಡ್ರೈವರನ್ನು ಅಟ್ಟಕ್ಕೆ ಹಾಕಿದರು. ಮೈಕ್ ಹಿಡಿದು ಹಾಡುವುದನ್ನೂ ಬಿಟ್ಟರು. ತಂಡದ ಹೆಂಗಸರು ಕರೆದರೆ ಗಂಟಲು ಸರಿಯಿಲ್ಲ ಅನ್ನುತ್ತಿದ್ದರಂತೆ. ನಾನು ಅಷ್ಟು ದೂರದಿಂದ ಎಸೆದ ಒಂದು ಮಾತು ಎಲ್ಲಿ ಬಂದು ಬಿದ್ದಿದೆ ನೋಡಿ.

ಇದನ್ನೆಲ್ಲ ಅವರು ಅಳುತ್ತಾ ಹೇಳಲಿಲ್ಲ. ಹುರುಳೀಕಾಯಿ ಬಿಡಿಸುತ್ತಾ ಹೇಳಿದರು. ಅಳುತ್ತಾ ಹೇಳಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಮಲ್ಲೇಶ ಬಂದ. ಹೊಸ್ತಿಲ ಮೇಲೇ ನಿಂತ. ನಾನು ಮೊದಲು ನೋಡಿದ್ದು ಅವನ ಕನ್ನಡಕ. ಅಭ್ಯಾಸ, ಏನು ಮಾಡಲಿ? ನಾನೇ ಕೊಟ್ಟಿದ್ದ ಫ್ರೇಮ್. ಒಂದು ಕಡ್ಡಿಗೆ ದಾರ ಸುತ್ತಿದ್ದ. ಗಾಜಿನ ತುಂಬಾ ಗೀರು. ಆರು ವರ್ಷದಲ್ಲಿ ನಮ್ಮ ಅಂಗಡಿಗೂ ಬಂದಿಲ್ಲ, ಇನ್ನೊಬ್ಬರ ಅಂಗಡಿಗೂ ಹೋಗಿಲ್ಲ.

ನಾನು ಎದ್ದು ನಿಂತೇ ಹೇಳಿದೆ. ಪಿನ್ನಿನ ಕತೆ, ಬಚ್ಚಲಿನ ಗೋಡೆಯ ಕತೆ, ಅನ್ವರ್ ಹೇಳಿದ್ದು, ಎಲ್ಲ. ಆ ವೈರು ಹಳೇಬೀಡಿಗೆ ಬಂದೇ ಇರಲಿಲ್ಲ, ಗಿರಿಜಮ್ಮ ಅದನ್ನು ಕಣ್ಣಿನಿಂದಲೂ ನೋಡಿಲ್ಲ ಅಂದೆ. ಕಾರಿನಿಂದ ಸೆಟ್ಟನ್ನೆಲ್ಲ ಒಳಗೆ ತಂದಿಟ್ಟು, ವೈರನ್ನು ಅವನ ಕೈಗೆ ಕೊಟ್ಟೆ. ಕೆಂಪು ಪಿನ್ನಿನಲ್ಲಿ ಹಸಿರು ಇನ್ನೂ ಇತ್ತು.

ಅವನು ಕನ್ನಡಕವನ್ನು ಹಣೆಗೆ ಏರಿಸಿ ಪಿನ್ನನ್ನು ತುಂಬಾ ಹೊತ್ತು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಚೀಟೀಲಿದ್ದಂಗೇ ಹಾಕಿದ್ದೆ ಅಂತ ಆವತ್ತೇ ಹೇಳಿದ್ದೆ ಅಲ್ವಾ ನೀನು."

"ಹೇಳಿದ್ದೆ" ಅಂದರು ಗಿರಿಜಮ್ಮ.

"ನಾನೇ ಕೇಳ್ಲಿಲ್ಲ ಕಣೇ."

ಅವರು ಪರವಾಗಿಲ್ಲ ಬಿಡಿ ಅನ್ನಲಿಲ್ಲ. ಯಾಕೆ ಅನ್ನಬೇಕು? ಹುರುಳೀಕಾಯಿಯ ಮೊರ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಆ ವೈರು ಇಲ್ಲಿ ಕೊಡಿ ಅಂತ ಕೈ ಚಾಚಿದರು.

ಮುಂದಿನ ಅರ್ಧ ಗಂಟೆ ನಾವು ಇಬ್ಬರು ಗಂಡಸರು ಸುಮ್ಮನೆ ನೋಡುತ್ತಾ ಕೂತೆವು.

ಗಿರಿಜಮ್ಮ ಕಿಟಕಿಯ ಬೆಳಕಿಗೆ ಹೋಗಿ ಕೂತರು. ಹತ್ತಿ ತಂದರು, ಬತ್ತಿಗೆ ಇಟ್ಟದ್ದು. ಅನ್ವರ್ ಕೊಟ್ಟ ಶೀಶೆ ಕೊಟ್ಟು, ಹೇಗೆ ಉಜ್ಜಬೇಕು ಅಂತ ನಾನು ಒಂದು ಸಲ ಹೇಳಿದೆ, ಅಷ್ಟೇ. ಕೆಂಪು ಪಿನ್ನನ್ನು ಒಂದೊಂದು ಸುತ್ತೂ ತಿರುಗಿಸಿ ತಿಕ್ಕಿದರು. ಹತ್ತಿ ಹಸಿರಾಯಿತು, ಕಪ್ಪಾಯಿತು, ಕೊನೆಗೆ ಬಿಳಿಯಾಗಿಯೇ ಬಂತು. ವೈರಿನ ಇನ್ನೊಂದು ತುದಿಯನ್ನೂ ನೋಡಿದಿರಾ ಅಂತ ಕೇಳಿದರು. ನಾನೂ ನೋಡಿರಲಿಲ್ಲ, ಅನ್ವರ್ ಕೂಡ ಮುಟ್ಟಿರಲಿಲ್ಲ. ಅದನ್ನೂ ತೊಳೆದರು. ಸ್ಪೀಕರಿನ ವೈರಿನ ತುದಿ ಕಪ್ಪಾಗಿತ್ತು. ಅದನ್ನು ಕತ್ತರಿಸಿ ಹೊಸದಾಗಿ ಬಿಡಿಸಿ ನೀಟಾಗಿ ಹುರಿ ಹಾಕಿದರು. ಹುರಿ ಹಾಕುವಾಗ ಬೆರಳು ತಡವರಿಸಲಿಲ್ಲ. ಆರು ವರ್ಷ ಸುಮ್ಮನಿದ್ದ ಬೆರಳು ಅಂತ ಯಾರೂ ಹೇಳುವ ಹಾಗಿರಲಿಲ್ಲ.

ಎಲ್ಲ ಒಣಗಿದ ಮೇಲೆ ಅವರೇ ಜೋಡಿಸಿದರು. ಚೀಟಿ ಬೇಕಾಗಲಿಲ್ಲ. ವಾಲ್ಯೂಮ್ ಪೂರ್ತಿ ಇಳಿಸಿ, ಆಮೇಲೆ ಸ್ವಿಚ್ ಹಾಕಿ, ಮೆಲ್ಲಗೆ ಏರಿಸಿದರು. 

ಎರಡೂ ಕಡೆಯಿಂದ ಬಂತು. ಗಿರಿಜಮ್ಮ ಎಡಗಡೆಯ ಸ್ಪೀಕರಿನ ಮುಂದೆ ನಿಂತು ಜಾಲರಿಯ ಮೇಲೆ ಅಂಗೈ ಇಟ್ಟರು. ಮಲ್ಲೇಶ ಹಸುವಿಗೆ ಹುಲ್ಲು ಹಾಕಿ ಬರುತ್ತೇನೆ ಅಂತ ಹೊರಗೆ ಹೋದ. ಹಸುವಿಗೆ ಹುಲ್ಲು ಆಗಲೇ ಇತ್ತು. ಕಾರು ನಿಲ್ಲಿಸುವಾಗ ನಾನೇ ನೋಡಿದ್ದೆ.

ಅವನು ಬರುವಷ್ಟರಲ್ಲಿ ಇವರು ಅಟ್ಟಕ್ಕೆ ಏಣಿ ಇಟ್ಟು ಹತ್ತಿ ಸ್ಕ್ರೂಡ್ರೈವರ್ ಇಳಿಸಿದ್ದರು. ತುದಿಗೆ ತುಕ್ಕು ಹಿಡಿದಿತ್ತು. ಮಿಕ್ಸಿಯ ಪ್ಲಗ್ ಬಿಚ್ಚಿದರೆ ಒಳಗೆ ಒಂದು ವೈರು ಸ್ಕ್ರೂ ಸಡಿಲವಾಗಿ ಕಳಚಿಕೊಂಡಿತ್ತು. ಐದು ನಿಮಿಷದ ಕೆಲಸ. ಸಂಜೆ ಚಟ್ನಿ ಅದರಲ್ಲೇ ರುಬ್ಬಿದರು. ಊಟ ಮಾಡಿಯೇ ಹೋಗಬೇಕು ಅಂದವನು ಮಲ್ಲೇಶ. ನಾನು ಬೇಡ ಅನ್ನಲಿಲ್ಲ.

ಇದಾಗಿ ಮೂರು ವಾರ. ಹೋದ ಮಾರ್ಕೆಟ್ ದಿನ ಮಲ್ಲೇಶ ಅರಸೀಕೆರೆಯ ನಮ್ಮ ಮನೆಗೆ ಬಂದ. ಹೊಸ ಬಣ್ಣದ ಗೋಡೆ ನೋಡಿ ಚೆನ್ನಾಗಿದೆ ಅಂದ. ಕಣ್ಣು ಪರೀಕ್ಷೆ ಮಾಡಿದೆ. ನಂಬರ್ ಬಹಳ ಬದಲಾಗಿದೆ. ಹೊಸ ಕನ್ನಡಕ ಈ ವಾರ ಸಿಗುತ್ತದೆ. ಊಟ ಆದ ಮೇಲೆ ಚಾಪೆ ಹಾಸಿದೆವು. ಇಬ್ಬರಿಗೂ ಈಗ ನೆಲದಿಂದ ಏಳುವಾಗ ಮಂಡಿ ಹಿಡಿಯುತ್ತದೆ, ಅದೊಂದು ಹೊಸದು.

ಗಿರಿಜಮ್ಮ ನನಗೆ ಆಗಾಗ ಫೋನ್ ಮಾಡುತ್ತಾರೆ. ಸ್ಪಿರಿಟ್ ಬಾಟಲಿ ಕಳಿಸಿ ಅಂದರು, ಕಳಿಸಿದೆ. ಹೆಂಗಸರ ತಂಡದ ಮೈಕ್ ವರ್ಷದಿಂದ ಗೊರಗೊರ ಅನ್ನುತ್ತಿತ್ತಂತೆ, ಅದರ ಪಿನ್ನು ತೊಳೆದು ಸರಿಮಾಡಿದ್ದಾರೆ. ಎದುರು ಮನೆಯವರ ಟೀವಿ, ಹಿಂದಿನ ಬೀದಿಯವರ ಹಳೇ ಟೇಪ್ ರೆಕಾರ್ಡರ್, ಅವೂ ಆದವು. ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುವುದಕ್ಕೆ ಬೇರೆ ಸ್ಪ್ರೇ ಬರುತ್ತದಂತಲ್ಲ, ಅದು ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಅನ್ವರ್ ನಂಬರ್ ಕೊಟ್ಟೆ. ಈಗ ಅವರಿಬ್ಬರೂ ನೇರವಾಗಿ ಮಾತಾಡಿಕೊಳ್ಳುತ್ತಾರೆ. ಸೋಮವಾರದಿಂದ ಮತ್ತೆ ತಂಡಕ್ಕೆ ಹಾಡಲು ಹೋಗುತ್ತಿದ್ದಾರೆ. ಗಂಟಲು ಸರಿಹೋಯಿತಂತೆ.

ನನ್ನನ್ನು ಮಾತ್ರ ಇನ್ನೂ ಸಾರ್ ಅಂತಲೇ ಕರೆಯುತ್ತಾರೆ. ಕರೆಯಲಿ. ಅಣ್ಣ ಅನ್ನಿಸಿಕೊಳ್ಳಲು ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ.

ಆ ಕೆಲಸ ಏನು ಅಂತ ಮೊನ್ನೆ ಅವರೇ ಹೇಳಿದರು.

"ಸಾರ್, ನಮ್ಮನೇಲಿ ಸೆಟ್ ಕೆಡಿಸಿದ್ರು ಅಂತ ನೀವು ಯಾರ್ಯಾರಿಗೆ ಹೇಳಿದ್ರಿ?"

ಯೋಚಿಸಿದೆ. ವಿಮಲಾಗೆ. ಅವಳ ತಮ್ಮನಿಗೆ. ಅಂಗಡಿಯ ಪಕ್ಕದ ಬಟ್ಟೆ ಅಂಗಡಿಯವರಿಗೆ. ಅನ್ವರ್‌ಗೆ. ಇಷ್ಟೇ ಅಂದೆ.

"ಪೇಪರಲ್ಲೂ ಬಂದಿತ್ತಲ್ಲ" ಅಂದರು ಗಿರಿಜಮ್ಮ.

ಬಂದಿತ್ತು. ಆರು ವರ್ಷದ ಹಿಂದೆ, ಇದೇ ಅಂಕಣದಲ್ಲಿ, ಸಾಮಾನು ಎರವಲು ಕೊಡುವವರ ಕಷ್ಟದ ಬಗ್ಗೆ ಬರೆದಿದ್ದೆ. ಹೆಸರು ಹಾಕಿರಲಿಲ್ಲ. ಹಳೇಬೀಡಿನಲ್ಲಿ ಒಂದು ಗೃಹಪ್ರವೇಶ ಅಂತ ಬರೆದಿದ್ದೆ. ಆ ಊರಿನವರಿಗೆ ಅಷ್ಟು ಸಾಕಾಗಿತ್ತು. ಅವರು ಓದಿದ್ದರು. ಅವರ ತಂಡದ ಹೆಂಗಸರೂ ಓದಿದ್ದರು. ಅದು ನನಗೆ ಆರು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಈ ಸಲ ಬರೆಯಲೇ, ನಿಮ್ಮ ಹೆಸರು ಹಾಕಿಯೇ ಬರೆಯಲೇ ಅಂತ ಕೇಳಿದೆ. "ಬರೀರಿ. ಪಿನ್ ಹೆಂಗೆ ತೊಳೀಬೇಕು ಅನ್ನೋದನ್ನೂ ಸರಿಯಾಗಿ ಬರೀರಿ" ಅಂದರು.

ಬರೆದಿದ್ದೇನೆ. ಗಿರಿಜಮ್ಮ ಏನನ್ನೂ ಕೆಡಿಸಿರಲಿಲ್ಲ. ಕೆಡಿಸಿದವನು ನಾನು.

ಅಂದು ಆ ಅಂಕಣ ಓದಿ, "ನಮ್ಮನೇಲೂ ಹಿಂಗೇ ಆಯ್ತು, ಚೆನ್ನಾಗಿ ಬರೆದ್ರಿ" ಅಂತ ನನಗೆ ಫೋನ್ ಮಾಡಿದ್ದವರೇ, ಇವತ್ತೂ ಮಾಡುತ್ತೀರಾ?